ನಲವತ್ತೇಳು

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೂವತ್ತು ವರ್ಷ
ಮಂಜುಗಡ್ಡೆ ಒಡೆದ ಕೈ.
ಅದರಲ್ಲಿ ನರ ಹುಡುಕುವುದು ನನಗೆ ಕಷ್ಟವಲ್ಲ,
ಹಗ್ಗದ ಹಾಗೆ ಎದ್ದು ನಿಂತಿರುತ್ತದೆ.

"ನಿಮ್ಮ ಹೆಸರು?" ಕೇಳಲೇಬೇಕು, ಪ್ರತಿ ಸಲ.
"ದೂಮ ತಿಂಗಳಾಯ. ನಿನಗೆ ಗೊತ್ತುಂಟಲ್ಲ ಮಾರಾಯ್ತಿ."
ಗೊತ್ತುಂಟು. ಆದರೆ ಬರೆಯುವಂತಿಲ್ಲ.
ಸೀಸೆಯ ಮೇಲೆ ಅವರು ನಲವತ್ತೇಳು.

ಸಮ್ಮತಿಪತ್ರ ಓದಿ ಹೇಳಿದ ದಿನ
ಹದಿನಾಲ್ಕು ಪುಟಕ್ಕೆ ಎರಡು ಲೋಟ ಚಹಾ,
ಅವರದ್ದು ಸಕ್ಕರೆ ಇಲ್ಲದ್ದು.
"ಮೂತ್ರಪಿಂಡ ಸೋಸುವುದು ಕಡಿಮೆಯಾಗಿದೆ" ಎಂದೆ.
"ಬಲೆ ಹರಿದಿದೆ ಅನ್ನು.
ಹಿಡಿಯಬೇಕಾದ್ದನ್ನು ಬಿಡುತ್ತದೆ,
ಬಿಡಬೇಕಾದ್ದನ್ನು ಹಿಡಿಯುತ್ತದೆ.
ಹೊಲಿಯಲಿಕ್ಕೆ ಆಗುವುದಿಲ್ಲವಾ?"
ಹೊಲಿಯುವ ಮದ್ದು ಇನ್ನೂ ಇಲ್ಲ.
ಮತ್ತಷ್ಟು ಹರಿಯದಂತೆ ತಡೆಯುವುದೊಂದು ಬಂದಿರಬಹುದು,
ಬಂದಿದೆಯೋ ಎಂದು ನೋಡುವುದಕ್ಕೇ ಈ ಪ್ರಯೋಗ.
ಈಗಿನ ಮಾತ್ರೆಗಳು ಎಲ್ಲರಿಗೂ ಉಂಟು. ಅದರ ಮೇಲೆ
ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಮದ್ದಿನ ವೇಷ.
ಯಾರಿಗೆ ಯಾವುದೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ,
ಮಣಿಪಾಲದ ಡಾಕ್ಟರಿಗೂ ಗೊತ್ತಿಲ್ಲ.
"ಮತ್ತೆ ಯಾರಿಗೆ ಗೊತ್ತು?"
"ಒಂದು ಕಂಪ್ಯೂಟರಿಗೆ."
ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು,
ಒಂದೊಂದೇ ಅಕ್ಷರ, ಗಂಟು ಬಿಗಿದ ಹಾಗೆ.

ನಾಲ್ಕು ವಾರಕ್ಕೊಮ್ಮೆ ಹೋಗುತ್ತಿದ್ದೆ,
ದಕ್ಕೆಯಲ್ಲಿ ಏಲಂ ಏರುವ ಹೊತ್ತಿಗೆ.
ಬಂಗುಡೆ ಬುಟ್ಟಿಗೆ ಸಾವಿರದ ಇನ್ನೂರು, ಮುನ್ನೂರು, ಮುನ್ನೂರೈವತ್ತು.
ಆ ಗದ್ದಲದ ನಡುವೆ ಅವರು ಕೇಳುವರು:
"ನನ್ನದು ಎಷ್ಟಕ್ಕೆ ನಿಂತಿತು?"
ಎರಡು ಪಾಯಿಂಟ್ ಒಂದು.
ಎರಡು ಪಾಯಿಂಟ್ ಏಳು.
ಮೀನಿಗಾದರೆ ಏರುವುದು ಲಾಭ.

ಏಪ್ರಿಲಿನಲ್ಲೊಮ್ಮೆ ನನ್ನ ಡಬ್ಬಿಯ ಐಸ್ ನೀರಾಗಿತ್ತು.
ಅವರೇ ಒಳಗೆ ಹೋಗಿ ಒಂದು ಬೊಗಸೆ ಪುಡಿ ತಂದು
ತಮ್ಮದೇ ರಕ್ತದ ಸುತ್ತ ಒತ್ತಿದರು,
ಅಂಜಲಿಗೆ ಮಾತ್ರ ತೋರಿಸುವ ಜಾಗ್ರತೆಯಲ್ಲಿ.

ಉಪ್ಪು ಬಿಟ್ಟರು, ಒಣಮೀನು ಬಿಟ್ಟರು.
ಅಪ್ಪಿಯಕ್ಕ ಮೀನು ಒಣಗಿಸುವ ಚಾಪೆಯನ್ನು
ಅಂಗಳದಿಂದ ಹಿತ್ತಿಲಿಗೆ ಎಳೆದರು.
ಗಾಳಿ ಮಾತ್ರ ಮಾತು ಕೇಳಲಿಲ್ಲ.

ಎರಡನೇ ವರ್ಷ ಕಾಲು ಬಾತಿತು.
ದಿನಕ್ಕೆ ಒಂದೇ ಲೀಟರು ನೀರು, ಅಳೆದು.
ಮಂಜುಗಡ್ಡೆಯ ರಾಶಿಯ ಎದುರು
ಬಾಯಾರಿ ನಿಂತ ಮನುಷ್ಯ.
ಇದನ್ನು ಬರೆಯಲು ನನ್ನ ಫಾರಮಿನಲ್ಲಿ ಕಾಲಂ ಇರಲಿಲ್ಲ.

ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದರು,
ಮುಂದೆ ಡಯಾಲಿಸಿಸ್ ಬೇಕಾಗಬಹುದೆಂದು.
"ಮುಟ್ಟಿ ನೋಡು."
ಚರ್ಮದ ಕೆಳಗೆ ಇಂಜಿನು ಗುರ್ರೆನ್ನುತ್ತಿತ್ತು.
"ದಿಂಬಿನ ಮೇಲೆ ಕೈಯಿಟ್ಟರೆ ಬೋಟಿನಲ್ಲಿ ಮಲಗಿದ ಹಾಗೆ.
ಬಂದರಿಗೆ ಹೋಗುವ ಬೋಟೋ, ಕಡಲಿಗೋ, ಅದು ಗೊತ್ತಿಲ್ಲ."

ಪ್ರಯೋಗ ಮುಗಿಯಿತು. ಕಂಪ್ಯೂಟರು ಬಾಯಿ ಬಿಟ್ಟಿತು.
ಮದ್ದು ತಿಂದವರಲ್ಲಿ ಕುಸಿತ ಸ್ವಲ್ಪ ನಿಧಾನ.
ಆ 'ಸ್ವಲ್ಪ'ದ ಮೇಲೆ ಡಾಕ್ಟರು ಎರಡು ಸಲ ಬೆರಳಿಟ್ಟು ಓದಿದರು.
ನಲವತ್ತೇಳು: ವೇಷ.

ಹೇಳಲಿಕ್ಕೆ ನಾನೇ ಹೋದೆ,
ಬಸ್ಸು ಕಲ್ಸಂಕ ದಾಟುವ ತನಕ
ವಾಕ್ಯ ಕಟ್ಟುತ್ತ, ಬಿಚ್ಚುತ್ತ.
ಕೇಳಿದರು. ಬಲಗೈಯಿಂದ ಎಡಗೈಯ ಇಂಜಿನನ್ನು ಮುಚ್ಚಿಕೊಂಡರು.
"ಹಾಗಾದರೆ ಎರಡು ವರ್ಷ ನಾನು ನುಂಗಿದ್ದು ಎಂತ?"
"ಹಿಟ್ಟು."
"ಹಿಟ್ಟಾ! ಸರೀ ಎಂಟು ಗಂಟೆಗೆ ಅಲಾರಂ ಇಟ್ಟು!"
ನಕ್ಕರು. ಆಮೇಲೆ ನಗಲಿಲ್ಲ.

"ಕಡಲಲ್ಲಿ ಮೀನಿಲ್ಲದ ಕಡೆ ಯಾವುದು ಅಂತ
ಯಾರಾದರೂ ಬಲೆ ಹಾಕಿಯೇ ನೋಡಬೇಕಲ್ಲ"
ಎಂದರು, ನನಗೋ ತಮಗೋ.
ಮತ್ತೆ, ತುಸು ತಡೆದು:
"ಡೀಸೆಲಿನ ಖರ್ಚು ಮಾತ್ರ ಅವನದ್ದೇ."

ಮದ್ದು ತಿಂದವರ ಗುಂಪಿನಲ್ಲಿ ಒಬ್ಬಾಕೆ ಕುಂದಾಪುರದವಳು,
ಎರಡು ಪಾಯಿಂಟ್ ಎರಡರಲ್ಲೇ ಇದ್ದಾಳೆ.
ಹೇಳುವಂತಿಲ್ಲ, ಹೇಳಲಿಲ್ಲ.

ಉಳಿದ ಕ್ಯಾಪ್ಸೂಲುಗಳನ್ನು ಎಣಿಸಿ ವಾಪಸು ಪಡೆಯಬೇಕು, ನಿಯಮ.
ಲೆಕ್ಕದ ಪ್ರಕಾರ ಹನ್ನೊಂದು.
ಮೇಜಿನ ಮೇಲೆ ಸುರಿದೆ. ಹತ್ತು.
ಅವರು ಕಿಟಕಿಯಾಚೆ ಬೋಟು ನೋಡುತ್ತಿದ್ದರು,
ಅಂಗಿಯ ಜೇಬಿನ ಮೇಲೆ ಕೈಯಿಟ್ಟು.
ಇದಕ್ಕೆ ಕಾಲಂ ಇತ್ತು.
ಕಳೆದುಹೋಗಿದೆ, ಎಂದು ಬರೆದೆ.